ಎರಡು ಸುತ್ತು ಜಾಜಿಕಾಯಿ

ಗಡಹಿಂಗ್ಲಜದ ಆ ಓಣಿಯಲ್ಲಿ ಯಾವ ಮನೆಯ ಕೂಸು ಹೊಟ್ಟೆ ಹಿಡಿದು ಅತ್ತರೂ ಮೊದಲು ಕೇಳಿಬರುತ್ತಿದ್ದ ಮಾತು ಒಂದೇ: "ಸುಶೀಲಾಬಾಯಾರ್ನ ಕರೀರಿ."

ಸುಶೀಲಾಬಾಯಿ ಕರೆಯುವ ಮೊದಲೇ ಹೊರಟಿರುತ್ತಿದ್ದರು. ಒಂದು ಕೈಯಲ್ಲಿ ಕೂಸಿಗೆ ತೇಯ್ದು ನೆಕ್ಕಿಸುವ ಗುಟಿಯ ಹಿತ್ತಾಳೆ ಡಬ್ಬಿ, ಇನ್ನೊಂದು ಕೈಯಲ್ಲಿ ಅಂಗೈ ಅಗಲದ ಸಾಣೆಕಲ್ಲು. ಆ ಕಲ್ಲು ಅವರ ಅತ್ತೆಯದು, ಅದಕ್ಕೂ ಹಿಂದೆ ಅತ್ತೆಯ ಅತ್ತೆಯದು. ತೇಯ್ದು ತೇಯ್ದು ನಡುವೆ ತಗ್ಗು ಬಿದ್ದು ಗಾಜಿನಷ್ಟು ನುಣುಪಾಗಿತ್ತು. ಡಬ್ಬಿಯಲ್ಲಿ ಐದು ಸಾಮಾನು: ಅಳಲೆಕಾಯಿ, ಹಗ್ಗದಂತೆ ತಿರುಚಿಕೊಂಡ ಮುರುಡಶೇಂಗ, ಒಣಶುಂಠಿ, ಬಜೆ, ಜಾಜಿಕಾಯಿ. ಕಲ್ಲಿನ ಮೇಲೆ ತಾಯಿಯ ಹಾಲಿನ ನಾಲ್ಕು ಹನಿ ಬಿಟ್ಟು ಒಂದೊಂದನ್ನೇ ಎಣಿಸಿ ತೇಯಬೇಕು. ಅಳಲೆ ಮೂರು ಸುತ್ತು, ಮುರುಡಶೇಂಗ ಐದು, ಶುಂಠಿ ಎರಡು, ಬಜೆ ಒಂದು, ಜಾಜಿಕಾಯಿ ಎರಡು. ನಲವತ್ತು ವರ್ಷದಲ್ಲಿ ಈ ಎಣಿಕೆ ಒಮ್ಮೆಯೂ ತಪ್ಪಿದ್ದಿಲ್ಲ. ಗುಟಿ ನೆಕ್ಕಿದ ಕೂಸು ಒಮ್ಮೆ ಅರ್ಧ ತಾಸಿಗೆ ಸುಮ್ಮನಾಗುತ್ತಿತ್ತು, ಒಮ್ಮೆ ಒಂದು ತಿಂಗಳಿಗೆ ಸುಮ್ಮನಾಗುತ್ತಿತ್ತು. ಎರಡೂ ಸಲದ ಪುಣ್ಯವನ್ನು ಸುಶೀಲಾಬಾಯಿ ತಮ್ಮ ಡಬ್ಬಿಗೇ ಸೇರಿಸಿಕೊಳ್ಳುತ್ತಿದ್ದರು.

ಇಂಥವರಿಗೆ ಸ್ವಂತ ಮೊಮ್ಮಗ ಹುಟ್ಟಿದರೆ ಕೇಳಬೇಕೆ?

ಮಗ ಅಭಿಜಿತನದು ಇಚಲಕರಂಜಿಯಲ್ಲಿ ಹನ್ನೆರಡು ಪವರ್‌ಲೂಮ್ ಮಗ್ಗ. ಕೆಳಗೆ ಮಗ್ಗ, ಮೇಲೆ ಮನೆ. ಸೊಸೆ ಋತುಜಾ ಶಿರೋಳದವಳು, ಶಾಲೆಯಲ್ಲಿ ಗಣಿತ ಕಲಿಸುವವಳು. ತವರಿನಲ್ಲಿ ಬಾಣಂತನ ಮುಗಿಸಿ ಒಂದೂವರೆ ತಿಂಗಳ ಕುಣಾಲನನ್ನು ಎತ್ತಿಕೊಂಡು ಅವಳು ಇಚಲಕರಂಜಿಗೆ ಬಂದ ವಾರವೇ ಸುಶೀಲಾಬಾಯಿ ಗಂಟು ಕಟ್ಟಿದರು. ಹೊರಡುವ ಹೊತ್ತಿಗೆ ಒಂದು ತೊಡಕು. ಸಾಣೆಕಲ್ಲು ಮನೆಯಲ್ಲಿರಲಿಲ್ಲ. ಎದುರುಮನೆಯ ಗುರುಸಿದ್ದನ ಹೆಂಡತಿ ತನ್ನ ಕೂಸಿಗೆಂದು ಒಯ್ದವಳು ಮನೆಗೆ ಬೀಗ ಜಡಿದು ಊರಿಗೆ ಹೋಗಿಬಿಟ್ಟಿದ್ದಳು.

"ಕಲ್ಲೇನು, ಕೊಲ್ಲಾಪುರದಾಗ ಸಿಗಂಗಿಲ್ಲೇನು?" ಎಂದರು ಗಂಡ ಬಾಬಾಸಾಹೇಬರು, ಚೀಲ ಎತ್ತಿಕೊಂಡು ಅಂಗಳದಲ್ಲಿ ನಿಂತು. "ಬಸ್ಸು ನಿನ್ನ ಕಲ್ಲಿಗೆ ಕಾಯೂದಿಲ್ಲ, ನಡಿ."

ಕೊಲ್ಲಾಪುರದಲ್ಲಿ ಇಳಿದು, ಅಂಬಾಬಾಯಿಯ ದರ್ಶನ ಮಾಡಿ, ಮಹಾದ್ವಾರ ರಸ್ತೆಯಲ್ಲಿ ಹೊಸ ಸಾಣೆಕಲ್ಲು ಕೊಂಡರು. ಬೆರಳು ಆಡಿಸಿದರೆ ಮರಳು ಮುಟ್ಟಿದ ಹಾಗಿತ್ತು. "ಛಲೋ ಗಟ್ಟಿ ಐತಿ," ಎಂದು ಸುಶೀಲಾಬಾಯಿ ಸಂತೋಷದಿಂದಲೇ ಚೀಲಕ್ಕೆ ಹಾಕಿಕೊಂಡರು. ಬಾಬಾಸಾಹೇಬರು ಅವರನ್ನು ಇಚಲಕರಂಜಿಗೆ ಮುಟ್ಟಿಸಿ ಊರಿಗೆ ಮರಳಿದರು.

ಕುಣಾಲ ದೊಡ್ಡ ಮಗ್ಗದವನ ಮಗನೇ ಸರಿ. ಕೆಳಗೆ ಹನ್ನೆರಡು ಮಗ್ಗ ಖಟಖಟ ಎನ್ನುತ್ತಿದ್ದರೆ ಹಾಯಾಗಿ ನಿದ್ದೆ ಮಾಡುವುದು, ಕರೆಂಟು ಹೋಗಿ ಸದ್ದು ನಿಂತರೆ ಬೆಚ್ಚಿ ಏಳುವುದು. ಆದರೆ ಸಂಜೆ ಆರಾಯಿತೆಂದರೆ ಮಗ್ಗ ಓಡಲಿ ಬಿಡಲಿ, ಅವನ ಓಟ ಶುರು. ಮುಷ್ಟಿ ಬಿಗಿದು, ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡು, ಮುಖ ಕೆಂಪಗೆ ಮಾಡಿ ಒಂದೇ ಸಮನೆ ಎರಡು ತಾಸು ಅಳು. ಎತ್ತಿಕೊಂಡರೂ ಅಳು, ಇಳಿಸಿದರೂ ಅಳು. ಬೀದಿಯಲ್ಲಿ ಹೋಗುವವರು ತಲೆ ಎತ್ತಿ ಮಹಡಿ ನೋಡುತ್ತಿದ್ದರು.

"ಹೊಟ್ಟಿ ಹಿಡದೈತಿ ಕೂಸಿಗೆ," ಎಂದರು ಸುಶೀಲಾಬಾಯಿ ಮೊದಲ ದಿನವೇ ರೊಟ್ಟಿ ಬಡಿಯುತ್ತ. "ನಾಕ್ ದಿನ ಗುಟಿ ಹಾಕಿದ್ರ ಮುಗೀತು."

"ಬ್ಯಾಡ್ರಿ ಅತ್ಯಾರ," ಎಂದಳು ಋತುಜಾ. "ಆರು ತಿಂಗಳ ತನಕ ಎದಿಹಾಲು ಬಿಟ್ಟು ಏನೂ ಕೊಡಬ್ಯಾಡ್ರಿ ಅಂದಾರ ಡಾಕ್ಟರು. ನೀರು ಸೈತ ಬ್ಯಾಡಂತ."

"ನಿನ್ನ ಗಂಡಗ ಯಾವ ಡಾಕ್ಟರ್ನ ಕೇಳಿ ಹಾಕಿದ್ದೆ ನಾ? ನೋಡಲ್ಲೆ, ಹೆಂಗ ಬೆಳದಾನ!"

ಹಾಗೆ ಬೆಳೆದವನು ಝುಣಕದಲ್ಲಿ ರೊಟ್ಟಿ ಅದ್ದಿ ಬಾಯಿಗಿಡುತ್ತಿದ್ದ. "ಅವ್ವ, ನನ್ನ ನಡುವ ತರಬ್ಯಾಡ," ಎಂದು ತಟ್ಟೆ ಎತ್ತಿಕೊಂಡು ಕೆಳಗೆ ಮಗ್ಗದ ಕಡೆಗೆ ಹೋಗಿಬಿಟ್ಟ.

"ಅಳು ತಾನಽ ಕಡಿಮಿ ಆಗತೈತಂತ್ರಿ. ಮೂರು, ನಾಕು ತಿಂಗಳಿಗೆ," ಎಂದಳು ಋತುಜಾ.

"ನಾಕು ತಿಂಗಳು ಕೂಸು ಅಳಲಿ ಅಂತ ಕಾಯೂ ಡಾಕ್ಟರು ಅವರೆಂಥವರು?"

"ಅತ್ಯಾರ, ನಿಮಗ ಕೈ ಮುಗೀತೇನಿ. ಗುಟಿ ಒಂದ ಬ್ಯಾಡ. ಮಾತು ಕೊಡ್ರಿ."

ಸುಶೀಲಾಬಾಯಿ ಮಾತು ಕೊಟ್ಟರು. ಕೊಡುವಾಗ ಮನಸ್ಸಿನಲ್ಲೇ ಉರಿಯುತ್ತಿದ್ದರು. ಓಣಿಗೆಲ್ಲ ಬೇಕಾದ ತಮ್ಮ ಕೈ ತಮ್ಮ ಮೊಮ್ಮಗನಿಗೆ ಬೇಡವೆಂದರೆ ಯಾವ ಅಜ್ಜಿಗೆ ಸಹಿಸೀತು? ಆದರೂ ಎಂಟು ದಿನ ಮಾತಿಗೆ ತಪ್ಪಲಿಲ್ಲ. ಬೆಳಿಗ್ಗೆ ಎಣ್ಣೆ ಹಚ್ಚಿ ಕೂಸಿನ ಹೊಟ್ಟೆ ತಿಕ್ಕಿದರು, ಕಾಲು ಮಡಚಿ ಬಿಚ್ಚಿ ಮಾಡಿದರು, ಹಾಲು ಹೆಚ್ಚಲೆಂದು ಸೊಸೆಗೆ ಅಳವಿ ಬೀಜದ ಪಾಯಸ ಕುದಿಸಿದರು, ಸಬ್ಬಸಿಗೆ ಪಲ್ಯ ಮಾಡಿದರು. ಗುಟಿ ಡಬ್ಬಿಯನ್ನು ಅಕ್ಕಿಯ ಪೀಪಾಯಿಯ ಹಿಂದೆ ಇಟ್ಟು ದಿನಕ್ಕೆ ಎರಡು ಸಲ ಅದು ಅಲ್ಲೇ ಇದೆಯೇ ಎಂದು ನೋಡಿ ಬಂದರು.

ಒಂಬತ್ತನೆಯ ದಿನ ಸಂಜೆ ಅವರ ಮನಸ್ಸು ಜಾರಿತು. ಕುಣಾಲ ಕಿರುಚಿ ಕಿರುಚಿ ದನಿ ಒಡೆದಿದ್ದ. ಋತುಜಾ ಗೋಡೆಗೆ ಒರಗಿ ಕೂತಲ್ಲೇ ಕಣ್ಣು ಮುಚ್ಚಿದ್ದಳು. ಮೂರು ದಿನದಿಂದ ತಲೆ ಬಾಚಿರಲಿಲ್ಲ, ಕೆನ್ನೆಯ ಮೇಲೆ ಒಣಗಿದ ಕಣ್ಣೀರಿನ ಗೆರೆ. ಸುಶೀಲಾಬಾಯಿಗೆ ಕೂಸಿಗಿಂತ ಹೆಚ್ಚು ಸೊಸೆಯ ಮೇಲೆ ಕನಿಕರ ಬಂತು. ಕೂಸನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಗೆ ಹೋದರು, ಕಾಸಿ ಆರಿಸಿದ ನೀರನ್ನು ಹೊಸ ಕಲ್ಲಿನ ಮೇಲೆ ಬಿಟ್ಟರು, ಎಣಿಸಿ ತೇಯ್ದರು. ಅಳಲೆ ಮೂರು, ಮುರುಡಶೇಂಗ ಐದು, ಶುಂಠಿ ಎರಡು, ಬಜೆ ಒಂದು, ಜಾಜಿಕಾಯಿ ಎರಡು. ಹೊಸ ಕಲ್ಲಲ್ಲವೆ, ಗುಟಿ ಸ್ವಲ್ಪ ದಪ್ಪಗೆ ಬಂದ ಹಾಗೆ ಕಂಡಿತು. ನೀರು ಕಡಿಮೆ ಆಯಿತೇನೋ ಎಂದುಕೊಂಡು ಇನ್ನೆರಡು ಹನಿ ಬಿಟ್ಟರು.

ಕಾಲು ಗಂಟೆಯಲ್ಲಿ ಕುಣಾಲ ಮಲಗಿದ. ನಾಲ್ಕು ತಾಸು ಮಲಗಿದ.

ಮನೆಯಲ್ಲಿ ಹಬ್ಬವೇ ಆಯಿತು. ಮರುದಿನ ಸಂಜೆಯೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಅಭಿಜಿತ ಪೇಢೆ ತಂದ. ಋತುಜಾ ತಲೆಗೆ ನೀರು ಹಾಕಿಕೊಂಡು, ಹೊಸ ಸೀರೆ ಉಟ್ಟು, ಕೂದಲು ಒಣಗಿಸುತ್ತ ಹಾಡು ಗುನುಗಿದಳು. "ಅತ್ಯಾರ, ನೀವು ಹೊಟ್ಟಿ ತಿಕ್ಕೂದು ಭಾಳ ಗುಣ ಕೊಟ್ಟೈತಿ ನೋಡ್ರಿ," ಎಂದಳು. ಸುಶೀಲಾಬಾಯಿ ಪೇಢೆ ಬಾಯಿಗೆ ಹಾಕಿಕೊಂಡು ಸುಮ್ಮನೆ ನಕ್ಕರು. ಸೊಸೆಗೆ ಹೇಳದೆ ಇರುವುದು ಒಂದು ಕಡೆ ಚುಚ್ಚುತ್ತಿತ್ತು. ಗೆದ್ದೆನೆಂಬ ಖುಷಿ ಮಾತ್ರ ಅದಕ್ಕಿಂತ ದೊಡ್ಡದಿತ್ತು.

ನಾಲ್ಕನೆಯ ದಿನ ಮಧ್ಯಾಹ್ನವೇ ಕೂಸು ಕಿರಿಕಿರಿ ಶುರು ಮಾಡಿತೆಂದು ಅವರು ಸಂಜೆಯವರೆಗೂ ಕಾಯದೆ ಆಗಲೇ ಗುಟಿ ತೇಯ್ದು ನೆಕ್ಕಿಸಿದರು. ಒಂದು ತಾಸಿನ ಮೇಲೆ ಹಾಲಿಗೆ ಎಬ್ಬಿಸಲು ಹೋದ ಋತುಜಾ ಅಲ್ಲಿಂದಲೇ ಕೂಗಿದಳು.

"ಅತ್ಯಾರ! ಬರ್ರಿ ಇಲ್ಲೆ! ಕೂಸು ಕಣ್ಣು ತಗೀವಲ್ದು!"

ಕುಣಾಲನನ್ನು ಎತ್ತಿದರೆ ಕತ್ತು ಬಿಟ್ಟ ಕಡೆ ವಾಲುತ್ತಿತ್ತು. ಅಂಗಾಲು ಕೆರೆದರೆ ಕಾಲು ಎಳೆದುಕೊಳ್ಳಲಿಲ್ಲ. ಬಾಯಿಗೆ ಮೊಲೆ ಕೊಟ್ಟರೆ ಎರಡು ಸಲ ಚೀಪಿ ಬಿಟ್ಟುಬಿಟ್ಟಿತು, ಆಮೇಲೆ ಕುಡಿದದ್ದನ್ನೂ ಕಾರಿತು. ಅಭಿಜಿತ ಮಗ್ಗ ನಿಲ್ಲಿಸಿ ಗಾಡಿ ತೆಗೆದ. ಸದ್ದು ನಿಂತರೂ ಕೂಸು ಎಚ್ಚರಗೊಳ್ಳಲಿಲ್ಲ. ಸುಶೀಲಾಬಾಯಿ ಚಪ್ಪಲಿ ಮರೆತು ಬರಿಗಾಲಲ್ಲಿ ಗಾಡಿ ಹತ್ತಿದರು. ಗುಟಿ ಡಬ್ಬಿಯನ್ನು ಮಾತ್ರ ಮರೆಯಲಿಲ್ಲ.

ಆಸ್ಪತ್ರೆಯ ಡಾಕ್ಟರಬಾಯಿ ಕೂಸಿನ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಎದೆ ಆಲಿಸಿದರು, ಆಮೇಲೆ ತಲೆ ಎತ್ತಿ ಎಲ್ಲರ ಮುಖವನ್ನೂ ನೋಡಿ ಮರಾಠಿಯಲ್ಲಿ ಕೇಳಿದರು: "ಬಾಳಾಲಾ ಕಾಹೀ ದಿಲಂಯ ಕಾ?" ಕೂಸಿಗೆ ಏನಾದರೂ ಕೊಟ್ಟಿದ್ದೀರಾ?

"ನಾಹೀ," ಎಂದಳು ಋತುಜಾ ಥಟ್ಟನೆ. "ಫಕ್ತ ದೂಧ. ಬರೀ ಎದಿಹಾಲು."

ಸುಶೀಲಾಬಾಯಿ ಸೆರಗಿನಿಂದ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟರು. ಮುಚ್ಚಳ ತೆಗೆಯುವಾಗ ಅಳಲೆಕಾಯಿ ಉರುಳಿ ನೆಲಕ್ಕೆ ಬಿತ್ತು.

"ನಾ ಕೊಟ್ಟೇನ್ರಿ. ನಾಕ್ ದಿನದಿಂದ. ಇವತ್ತೂ ಕೊಟ್ಟೇನಿ. ಇಕಿಗೆ ಗೊತ್ತಿಲ್ಲ, ಇಕಿದೇನೂ ತಪ್ಪಿಲ್ಲ."

ಋತುಜಾ ಅತ್ತೆಯ ಕಡೆ ತಿರುಗಿ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ಕೂಸಿನ ಕಡೆಗೆ ತಿರುಗಿಬಿಟ್ಟಳು.

ಡಾಕ್ಟರಬಾಯಿ ಒಂದೊಂದೇ ಸಾಮಾನು ಎತ್ತಿ ಮೂಸಿ, ಏನು, ಎಷ್ಟು, ಯಾವಾಗ ಎಂದು ಕೇಳಿ ಬರೆದುಕೊಂಡರು. ಜಾಜಿಕಾಯಿ ಕೈಗೆ ಬಂದಾಗ ತಡೆದರು. ಇಷ್ಟು ಸಣ್ಣ ಕೂಸಿಗೆ ಇದು ಹೆಚ್ಚಾದರೆ ಹೀಗೇ ಮಂಪರು ಹಿಡಿಯುತ್ತದೆ, ಬಜೆ ಹೆಚ್ಚಾದರೆ ವಾಂತಿ, ಕಲ್ಲು ಶುದ್ಧವಿಲ್ಲದಿದ್ದರೆ ಭೇದಿ ಬೇರೆ, ಎಂದು ಈಗ ಕನ್ನಡದಲ್ಲೇ ಹೇಳಿದರು. "ಆಜೀ, ನೀವು ಹೇಳಿದ್ದು ಭಾಳ ಛಲೋ ಆಯ್ತು. ಎಷ್ಟೋ ಮಂದಿ ಹೇಳೂದಿಲ್ಲ. ಆಗ ನಾವು ಜ್ವರಾನೋ ಮಿದುಳಿಂದೋ ಅಂತ ಹುಡುಕ್ಕೊಂತ ಹೊತ್ತು ಕಳೀತೇವಿ." ಆಮೇಲೆ ಋತುಜಾಳನ್ನು ಕೇಳಿದರು, "ಜೇನುತುಪ್ಪ ಏನರ?"

ಋತುಜಾ ತಡವರಿಸಿದಳು. "ನಮ್ಮ ಅವ್ವ... ಹೆಸರಿಡೂ ದಿನ ನಾಲಗಿಗೆ ಹಚ್ಚಿದ್ಲು."

"ಒಂದು ವರ್ಷ ಆಗೂ ತನಕ ಜೇನು ಮುಟ್ಟಿಸಬ್ಯಾಡ್ರಿ," ಎಂದು ಡಾಕ್ಟರಬಾಯಿ ಅದನ್ನೂ ಬರೆದುಕೊಂಡರು.

ಆ ಸಂಜೆಯನ್ನು ಸುಶೀಲಾಬಾಯಿ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದರು. ಆರು ಹೊಡೆಯಿತು. ಒಳಗಿನಿಂದ ಅಳು ಕೇಳಲಿಲ್ಲ. ದಿನಾ ಯಾವ ಅಳು ನಿಲ್ಲಲಿ ಎಂದು ಹರಸಿಕೊಳ್ಳುತ್ತಿದ್ದರೋ ಅದೇ ಅಳು ಕೇಳಲಿ ಎಂದು ಅಂಬಾಬಾಯಿಗೆ ಸೆರಗೊಡ್ಡಿ ಕೂತರು. ಎಂಟರ ಸುಮಾರಿಗೆ ಒಳಗೆ ಒಂದು ಕೀರಲು ದನಿ ಎದ್ದಿತು, ಆಮೇಲೆ ಪೂರಾ ದನಿ, ಆಮೇಲೆ ವಾರ್ಡೇ ಅದುರುವ ಹಾಗೆ ಕಿರುಚಾಟ. ಸುಶೀಲಾಬಾಯಿ ಬೆಂಚಿನ ಮೇಲೆ ಕೂತಲ್ಲೇ ಅತ್ತುಬಿಟ್ಟರು. ಮರುದಿನ ಮಧ್ಯಾಹ್ನ ಕೂಸನ್ನು ಮನೆಗೆ ಕಳಿಸಿದರು.

ಮನೆಗೆ ಬಂದ ಮೇಲೆ ಜಗಳ ಆಗಲಿಲ್ಲ. ಆಗಬೇಕಿದ್ದ ಜಗಳ ಆಗದಿದ್ದರೆ ಮನೆ ಎಷ್ಟು ಭಾರವಾಗುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ಋತುಜಾ "ಅತ್ಯಾರ, ಊಟಕ್ಕ ಬರ್ರಿ" ಎನ್ನುತ್ತಿದ್ದಳು, ತಟ್ಟೆ ಹಾಕುತ್ತಿದ್ದಳು, ರೊಟ್ಟಿಗೆ ಬೆಣ್ಣೆ ಹಚ್ಚುತ್ತಿದ್ದಳು. ಆದರೆ ಕೂಸನ್ನು ಮಾತ್ರ ಅತ್ತೆಯ ಹತ್ತಿರ ಒಂಟಿಯಾಗಿ ಬಿಡುತ್ತಿರಲಿಲ್ಲ. ಸ್ನಾನಕ್ಕೆ ಹೋಗುವಾಗ ತೊಟ್ಟಿಲನ್ನು ಬಚ್ಚಲಮನೆಯ ಮುಂದೆ ಎಳೆದುಕೊಂಡು, ಬಾಗಿಲು ಅರ್ಧ ತೆರೆದಿಟ್ಟು ನಾಲ್ಕು ತಂಬಿಗೆ ಸುರಿದುಕೊಂಡು ಓಡಿಬರುತ್ತಿದ್ದಳು. ಆ ತೆರೆದ ಬಾಗಿಲು ನೋಡಿದಾಗಲೆಲ್ಲ ಸುಶೀಲಾಬಾಯಿಗೆ ಕೆನ್ನೆಗೆ ಹೊಡೆದ ಹಾಗಾಗುತ್ತಿತ್ತು.

"ಅವ್ವ, ನೀ ಹೇಳಿ ಕೊಡಬೇಕಿತ್ತು," ಎಂದ ಅಭಿಜಿತ ಒಂದು ದಿನ.

"ಹೇಳಿದ್ರ ಬ್ಯಾಡ ಅಂತಿದ್ರಿ."

"ಅದಕ್ಕಽ ಹೇಳಬೇಕಿತ್ತು."

ಸುಶೀಲಾಬಾಯಿ ಕೂಸಿನ ಒಣಗಿದ ಬಟ್ಟೆ ಮಡಚುತ್ತ ಕೂತರು. ಇನ್ನೊಂದು ಮುಳ್ಳೂ ಚುಚ್ಚುತ್ತಿತ್ತು. ನಲವತ್ತು ವರ್ಷ ಆಗದ್ದು ಈಗ ಯಾಕೆ ಆಯಿತು? ಎಣಿಕೆ ತಪ್ಪಿತೇ? ವಯಸ್ಸಾಯಿತೇ? ಅಥವಾ ಮಾತು ಮುರಿದದ್ದಕ್ಕೆ ದೇವಿ ಮುನಿದಳೇ?

ಭಾನುವಾರ ಬಾಬಾಸಾಹೇಬರು ಊರಿಂದ ಬಂದರು. ಒಂದು ಬೆಲ್ಲದ ಪೆಂಟೆ, ಹಸಿ ಶೇಂಗಾ, ಎರಡು ಕಟ್ಟು ಮೆಂತ್ಯ, ಚೀಲದ ತಳದಲ್ಲಿ ಬಟ್ಟೆ ಸುತ್ತಿದ ಹಳೆಯ ಸಾಣೆಕಲ್ಲು.

"ಗುರುಸಿದ್ದನ ಹೆಂಡ್ತಿ ತಂದು ಕೊಟ್ಟಾಳ. ನಿನ್ನ ಕಲ್ಲು ಹೊತ್ತು ಹೊತ್ತು ನನ್ನ ಹೆಗಲು ಹೋತು, ಬಸ್ಸಿನಾಗ ತಲಿನೂ ಹೋತು. ಚೂರು ಶುಂಠಿ ತೇದು ಹಣಿಗೆ ಹಚ್ಚು."

ಹಿಂದಿನ ದಿನವೇ ಸುಶೀಲಾಬಾಯಿ ತಮ್ಮ ತಲೆನೋವಿಗೆ ಹೊಸ ಕಲ್ಲಿನ ಮೇಲೆ ಹತ್ತು ಸುತ್ತು ಶುಂಠಿ ತೇಯ್ದು ಹಚ್ಚಿಕೊಂಡಿದ್ದರು. ಈಗ ಹಳೆಯ ಕಲ್ಲಿನ ಮೇಲೆ ಹತ್ತು ಸುತ್ತು ತೇಯ್ದು ನೋಡಿದರು. ಬೆರಳಿಗೆ ಬಂದದ್ದು ಬರೀ ಮಸುಕು ನೀರು. ನಿನ್ನೆ ಹತ್ತೇ ಸುತ್ತಿಗೆ ಬೆರಳು ಮುಳುಗುವಷ್ಟು ಗಂಧ ಬಂದಿತ್ತು. ಮತ್ತೆ ಹತ್ತು ಸುತ್ತು ತೇಯ್ದರು. ಹೊಸ ಕಲ್ಲನ್ನು ತಂದು ಪಕ್ಕದಲ್ಲಿಟ್ಟು ಹೆಬ್ಬೆರಳು ಆಡಿಸಿದರು. ಹಳೆಯದು ಗಾಜು, ಹೊಸದು ಅರ. ಎಣಿಕೆ ಅದೇ, ಇಳಿಯುವ ಗುಟಿ ಬೇರೆ!

ಸುಮ್ಮನಿದ್ದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಸುಮ್ಮನಿರಲಿಲ್ಲ.

"ಅಭಿಜಿತಾ! ಋತುಜಾ! ಇಲ್ಲೆ ಬರ್ರಿ ಎಲ್ಲಾರೂ. ತಪ್ಪು ಸಿಕ್ಕೈತಿ."

ವಿಷಯ ಕೇಳಿ ಅಭಿಜಿತ ಕೆಳಗಿನಿಂದ ಕಾಟಾ ತಂದ. ಬಟ್ಟೆಯ ದುಂಡನೆಯ ತುಣುಕು ಕತ್ತರಿಸಿ ಅದರ ದಪ್ಪ ತಿಳಿಯಲು ತೂಗುವ ಸಣ್ಣ ಕಾಟಾ, ನೂಲಿನ ಎಳೆಯ ತೂಕವೂ ಅದರಲ್ಲಿ ಕಾಣುತ್ತದೆ. ಜಾಜಿಕಾಯಿ ತೂಗಿ, ಎರಡು ಸುತ್ತು ತೇಯ್ದು, ಮತ್ತೆ ತೂಗಿದ. ಅಂಕಿ ಅಲುಗಲಿಲ್ಲ.

ಇಷ್ಟು ಹೊತ್ತು ಬಾಗಿಲಲ್ಲಿ ಕೂಸು ಹಿಡಿದು ನಿಂತಿದ್ದ ಋತುಜಾಳಿಗೆ ತಡೆಯಲಾಗಲಿಲ್ಲ. ಎಷ್ಟಾದರೂ ಗಣಿತದವಳು.

"ಎರಡು ಸುತ್ತಿಗೆ ಏನ್ ತಿಳೀತೈತ್ರಿ? ಒಣಾದ್ದನ್ನಽ ನೂರು ಸುತ್ತು ತೇಯ್ರಿ. ಅಂದ್ರ ಅಂಕಿ ಹತ್ತತೈತಿ."

ಅಭಿಜಿತ ತೇಯ್ದ, ಬಾಬಾಸಾಹೇಬರು ಎಣಿಸಿದರು. ನಡುವೆ ಚಹಾ ಬಂದು ಅವರ ಲೆಕ್ಕ ತಪ್ಪಿತು.

"ಐವತ್ತೇಳೋ, ಅರವತ್ತೋ..."

"ಅರವತ್ತೆರಡು," ಎಂದರು ಸುಶೀಲಾಬಾಯಿ, ಮೆಂತ್ಯ ಬಿಡಿಸುತ್ತ, ಅವರ ಕಡೆಗೆ ತಿರುಗಿಯೂ ನೋಡದೆ.

ಹಳೆಯ ಕಲ್ಲಿನ ಮೇಲೆ ನೂರು ಸುತ್ತಿಗೆ ಸವೆದದ್ದು ಕಾಟಾದ ಲೆಕ್ಕದಲ್ಲಿ ಆರು ಪಾಯಿಂಟು. ಹೊಸ ಕಲ್ಲಿನ ಮೇಲೆ ನಲವತ್ತಮೂರು.

"ಏಳು ಪಟ್ಟು," ಎಂದಳು ಋತುಜಾ ಮೆಲ್ಲಗೆ. "ಎರಡು ಸುತ್ತು ಅಂತ ಕೊಟ್ಟಿದ್ದು ಹದಿನಾಕು ಸುತ್ತಿನಷ್ಟ ಆಗೈತ್ರಿ."

ಮೊದಲು ಚೇತರಿಸಿಕೊಂಡವರು ಬಾಬಾಸಾಹೇಬರು. ಹೆಂಡತಿಯ ಮುಖ ನೋಡಲಾಗದೆ ಅವಳ ಪರವಾಗಿ ವಕೀಲಿಗೆ ನಿಂತರು. "ಹಂಗಾರ ತಪ್ಪು ಕಲ್ಲಿಂದು! ಸುಶೀಲಾಂದಲ್ಲ. ಹಳೇ ಕಲ್ಲು ಬಂದೈತಲ್ಲ, ಇನ್ನ ಇದರ ಮ್ಯಾಲ ತೇದು ಕೊಟ್ಟರ..."

ಋತುಜಾ ಕೂಸನ್ನು ಎದೆಗೆ ಒತ್ತಿಕೊಂಡಳು. ಸುಶೀಲಾಬಾಯಿ ಅದನ್ನು ನೋಡಿದರು. ಗಂಡ ಎಸೆದ ಹಗ್ಗ ಕೈಗೆಟಕುವಷ್ಟು ಹತ್ತಿರವಿತ್ತು. ಹಿಡಿದುಕೊಂಡರೆ ಮಾನ ಉಳಿಯುತ್ತಿತ್ತು, ಡಬ್ಬಿಯೂ ಉಳಿಯುತ್ತಿತ್ತು.

"ಸುಮ್ಮ ಕುಂಡ್ರಿ," ಎಂದರು ಗಂಡನಿಗೆ. "ಹಳೇದರ ಮ್ಯಾಲೆ ತೇದಿದ್ದು ಸರಿ ಇತ್ತು ಅಂತ ಯಾರು ತೂಗಿ ನೋಡ್ಯಾರ? ನಮ್ಮ ಅತ್ತಿ ಕಾಲಕ್ಕ ಆ ಕಲ್ಲು ಎಷ್ಟು ಒರಟಿತ್ತೋ. ಒಂದ ಜಾಜಿಕಾಯಿ ಹಸಿ, ಒಂದು ಒಣಾ. ನಲವತ್ತು ವರ್ಷ ನಾ ಸುತ್ತು ಎಣಿಸೇನಿ. ಕೂಸಿನ ಹೊಟ್ಟಿಗೆ ಎಷ್ಟು ಹೋತು ಅನ್ನೂದು ನನಗಽ ಗೊತ್ತಿಲ್ಲ." ಆಮೇಲೆ ಸೊಸೆಯ ಕಡೆ ತಿರುಗಿದರು. "ನಿನಗ ಮಾತು ಕೊಟ್ಟು ಮುರದೆ. ಅದು ಕಲ್ಲಿನ ತಪ್ಪಲ್ಲ, ನಂದು."

"ಜೇನು ಹಚ್ಚಿದ ತಪ್ಪು ನಮ್ಮ ಕಡೆಯವರದೂ ಐತ್ರಿ," ಎಂದಳು ಋತುಜಾ, ನೆಲ ನೋಡುತ್ತ.

"ಅಂದ್ರ ಶಿರೋಳದ ಪಾಲೂ ಐತಿ!" ಎಂದು ಬಾಬಾಸಾಹೇಬರು ಹಿಗ್ಗಿದರು. ಮೂವರೂ ಒಟ್ಟಿಗೆ ಅವರತ್ತ ಕಣ್ಣು ಬಿಟ್ಟಾಗ ಚಹಾದ ಬಟ್ಟಲಿಗೆ ಮುಖ ಇಳಿಸಿದರು.

ಸುಶೀಲಾಬಾಯಿ ಮಾತ್ರ ಇದ್ದಕ್ಕಿದ್ದ ಹಾಗೆ ಎದ್ದು ನಿಂತರು. "ಅಯ್ಯ ನನ್ನ ಶಿವನ! ಫೋನು ಕೊಡೋ ಅಭಿಜಿತಾ. ಈ ಎಣಿಕಿ ನಾ ಎಷ್ಟ ಮಂದಿಗೆ ಹೇಳೇನಿ! ಅವರ ಮನ್ಯಾಗ ಎಂಥಾ ಕಲ್ಲೋ ಏನೋ!"

ಮೊದಲ ಫೋನು ಎದುರುಮನೆಗೆ. ಗುರುಸಿದ್ದನ ಹೆಂಡತಿ ಒಪ್ಪಲಿಲ್ಲ. "ನಮ್ಮ ಕೂಸಿಗೆ ಏನೂ ಆಗಿಲ್ಲಲ್ರಿ ಬಾಯಾರ?"

"ಆಗೂ ತನಕ ಕಾಯ್ತೀಯೇನು? ನಾನಽ ಹೇಳಿದ್ದೆ, ಈಗ ನಾನಽ ಬ್ಯಾಡ ಅಂತೇನಿ. ಆರು ತಿಂಗಳು ಬರೀ ನಿನ್ನ ಹಾಲು. ಕುಡಿಸಿದ ಮ್ಯಾಲೆ ಹೆಗಲಿಗೆ ಹಾಕ್ಕೊಂಡು ತೇಗು ತಗಸು, ಹೊಟ್ಟಿ ಹಗರಕ ತಿಕ್ಕು. ಜ್ವರಾ ಬಂದ್ರ, ಹಸರು ವಾಂತಿ ಆದ್ರ, ಹಾಲು ಕುಡೀಲಿಲ್ಲಂದ್ರ ನನಗ ಫೋನ್ ಹಚ್ಚಬ್ಯಾಡ, ದವಾಖಾನಿಗೆ ಓಡು."

ಎರಡನೆಯದು ಬಿದ್ರಿಗೆ, ಅಭಿಜಿತನ ಗೆಳೆಯ ಧೀರಜನ ಮನೆಗೆ. ಅಲ್ಲಿ ಅವನ ತಾಯಿ ಸಕ್ಕರೆ ಕಾರ್ಖಾನೆಯ ಸುದ್ದಿಯಿಂದ ಶುರು ಮಾಡಿದಾಕೆ ಗುಟಿಯ ಮಾತಿಗೆ ಬರಲು ಕಾಲು ಗಂಟೆ ಬೇಕಾಯಿತು. ಪ್ರತಿ ಮನೆಗೂ ಸುಶೀಲಾಬಾಯಿ ಮೊದಲಿನಿಂದ ಹೇಳಿದರು. ಹೊಸ ಕಲ್ಲು, ಏಳು ಪಟ್ಟು, ನನ್ನ ಮೊಮ್ಮಗನೇ ಕಣ್ಣು ತೆಗೆಯಲಿಲ್ಲ. ಒಂದು ಸಲವೂ ತಮ್ಮ ತಪ್ಪನ್ನು ಸಣ್ಣದು ಮಾಡಿ ಹೇಳಲಿಲ್ಲ. ಋತುಜಾ ಮೆಂತ್ಯ ಬಿಡಿಸುವ ಕೆಲಸ ಕೈಗೆತ್ತಿಕೊಂಡು ಎಲ್ಲವನ್ನೂ ಕೇಳುತ್ತ ಕೂತಿದ್ದಳು.

ಕೊನೆಗೆ ಹಲಕರ್ಣಿ. ಅಲ್ಲಿ ತಂಗಿಯ ಮಗಳು ಕಾಂಚನ, ಅವಳ ಕೂಸಿಗೆ ಈಗ ಎಂಟು ತಿಂಗಳು. ಹುಟ್ಟಿದ ಎರಡನೇ ತಿಂಗಳಿನಿಂದ ಸುಶೀಲಾಬಾಯಿ ಫೋನಿನಲ್ಲೇ ಎಣಿಕೆ ಹೇಳಿ ಗುಟಿ ಹಾಕಿಸಿದ್ದರು. ನಾಲ್ಕನೇ ತಿಂಗಳಿಗೆ ಅಳು ಬಿಟ್ಟಿತು. ತಮ್ಮ ಗುಟಿಯ ಗುಣಕ್ಕೆ ಅವರು ಊರೆಲ್ಲ ಹೇಳುತ್ತಿದ್ದ ಸಾಕ್ಷಿ ಇದೇ ಕೂಸು. ಫೋನನ್ನು ದೂರ ಹಿಡಿದು ಮಾತಾಡುವ ರೂಢಿ ಅವರದು, ಹಾಗಾಗಿ ಆ ಕಡೆಯ ಮಾತು ಇಡೀ ಮನೆಗೆ ಕೇಳಿಸಿತು.

"ಕಾಂಚನಾ, ಇವತ್ತಿನಿಂದ ಗುಟಿ ಬಂದ್ ಮಾಡವ್ವ. ಕೂಸಿಗೆ ತ್ರಾಸ ಏನರ ಐತೇನು?"

ಆ ಕಡೆಯಿಂದ ಸಣ್ಣ ದನಿ ಬಂತು. "ದೊಡ್ಡವ್ವ, ಸಿಟ್ಟಿಗೇಳಂಗಿಲ್ಲ ಅಂದ್ರ ಒಂದು ಹೇಳ್ತೇನಿ."

"ಹೇಳು."

"ನಾ ಒಂದ ದಿನಾನೂ ಹಾಕಿಲ್ಲ. ನರ್ಸ್ ಬ್ಯಾಡ ಅಂದಿದ್ಲು. ನೀವು ದಿನಾ ಫೋನ್ ಹಚ್ಚಿ ಕೇಳ್ತಿದ್ರಿ, ಸುಳ್ಳು ಹೇಳಾಕ ಮನಸ್ಸು ಬರಲಿಲ್ಲ. ಅದಕ್ಕಽ ದಿನಾ ಎಣಿಸಿ ತೇಯ್ತಿದ್ದೆ, ತೇದು ದಾಸಾಳ ಗಿಡಕ್ಕ ಹಾಕ್ತಿದ್ದೆ. ನೀವು 'ಹಾಕಿದ್ಯಾ' ಅಂತಿದ್ರಿ, ನಾ 'ಹಾಕೇನ್ರಿ' ಅಂತಿದ್ದೆ."

ಕಾಟಾದ ಮುಂದೆ ಕೂತ ಅಭಿಜಿತ ತುಟಿ ಕಚ್ಚಿದ. ಬಾಬಾಸಾಹೇಬರು ಕೆಮ್ಮಿದರು. ಸುಶೀಲಾಬಾಯಿ ಗುಟಿ ಡಬ್ಬಿಯನ್ನು ಹತ್ತಿರ ಎಳೆದುಕೊಂಡು ನೋಡಿದರು. ಗುಟಿ ಗಿಡಕ್ಕೆ, ಗುಣ ಕೂಸಿಗೆ! ಹಾಗಾದರೆ ಆ ಅಳು ತಾನಾಗಿಯೇ ನಿಂತಿತ್ತು. ಓಣಿಯ ಇನ್ನೆಷ್ಟು ಕೂಸುಗಳ ಅಳು ಹೀಗೆಯೇ ತಾನಾಗಿ ನಿಂತು, ಪುಣ್ಯ ಮಾತ್ರ ಈ ಹಿತ್ತಾಳೆ ಡಬ್ಬಿಗೆ ಬಂದಿತ್ತೋ!

"ದೊಡ್ಡವ್ವ? ಸಿಟ್ಟು ಬಂತೇನ್ರಿ?"

"ದಾಸಾಳ ಹೆಂಗೈತಿ?" ಎಂದು ಕೇಳಿದರು ಸುಶೀಲಾಬಾಯಿ.

"ಅದು ಒಣಗಿ ಹೋತ್ರಿ."

ಮೊದಲು ನಕ್ಕವಳು ಋತುಜಾ. ಹತ್ತು ದಿನದಿಂದ ಒಳಗೆ ಕಟ್ಟಿಟ್ಟದ್ದೆಲ್ಲ ಒಮ್ಮೆಲೇ ಬಿಚ್ಚಿದ ಹಾಗೆ, ಮಡಿಲಿನ ಮೆಂತ್ಯ ಚೆಲ್ಲಾಪಿಲ್ಲಿಯಾಗುವಂತೆ ನಕ್ಕಳು. ಆಮೇಲೆ ಬಾಬಾಸಾಹೇಬರು, ಆಮೇಲೆ ಅಭಿಜಿತ. ಕೊನೆಗೆ ಸುಶೀಲಾಬಾಯಿಯೂ ಸೆರಗು ಬಾಯಿಗಿಟ್ಟು ಕುಲುಕುಲು ನಕ್ಕರು, ನಗುತ್ತ ನಗುತ್ತ ಕಣ್ಣೊರೆಸಿಕೊಂಡರು.

ಗಡಿಯಾರ ಆರು ಹೊಡೆಯಿತು. ಕುಣಾಲ ಮುಷ್ಟಿ ಬಿಗಿದು, ಕಾಲು ಎಳೆದುಕೊಂಡು, ತನ್ನ ಪಾಳಿಗೆ ಸರಿಯಾಗಿ ಶುರು ಮಾಡಿದ. ಸುಶೀಲಾಬಾಯಿಯ ಕೈ ರೂಢಿಯಂತೆ ಮುಂದೆ ಚಾಚಿತು. ಅರ್ಧಕ್ಕೇ ನೆನಪಾಗಿ ಹಿಂದೆ ಎಳೆದುಕೊಂಡರು.

ಋತುಜಾ ಎದ್ದು ಬಂದು ಕೂಸನ್ನು ಅವರ ಹೆಗಲಿಗೆ ಹಾಕಿದಳು.

"ಹಿಡೀರಿ ಅತ್ಯಾರ. ನಾಕ್ ದಿನ ಆತು ತಲಿ ತೊಳದು. ಇವತ್ತು ಆರಾಮ ತೊಳ್ಕೊಂಡು ಬರ್ತೇನಿ, ಹೊತ್ತಾಗತೈತಿ."

ಸುಶೀಲಾಬಾಯಿ ಕೂಸಿನ ಬೆನ್ನು ತಟ್ಟುತ್ತ ಪಡಸಾಲೆಯ ಆ ಗೋಡೆಯಿಂದ ಈ ಗೋಡೆಗೆ ನಡೆಯತೊಡಗಿದರು. ಕುಣಾಲ ಅವರ ಕಿವಿಯ ಹತ್ತಿರವೇ ಬಾಯಿ ಇಟ್ಟು ಕಿರುಚುತ್ತಿದ್ದ. ಕೆಳಗೆ ಹನ್ನೆರಡು ಮಗ್ಗ ಓಡುತ್ತಿದ್ದವು. ಇಷ್ಟೆಲ್ಲ ಗದ್ದಲದ ನಡುವೆಯೂ ಅವರಿಗೆ ಒಂದು ಸದ್ದು ಸ್ಪಷ್ಟವಾಗಿ ಕೇಳಿಸಿತು. ಬಚ್ಚಲಮನೆಯ ಬಾಗಿಲು ಪೂರಾ ಮುಚ್ಚಿತು, ಒಳಗಿನಿಂದ ಚಿಲಕ ಬಿತ್ತು.